ಗ್ಯಾಸ್ ಇಲ್ಲದ ಮನೆ

ಮೊದಲು ಸೀದುಹೋದದ್ದು ಯಾವುದು ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ನನ್ನ ಗಂಡ ಹಾಲು ಅನ್ನುತ್ತಾರೆ. ಖಾರ್‌ಘರ್‌ನಲ್ಲಿರುವ ಮಗಳು, ತಾನು ವಿಡಿಯೋ ಕಾಲ್ ಮಾಡಿದಾಗ ಅಜ್ಜಿಯ ಬೆನ್ನ ಹಿಂದೆ ಹೊಗೆ ಕಂಡಿತ್ತು, ಅದು ಅನ್ನವೇ ಇರಬೇಕು ಅನ್ನುತ್ತಾಳೆ. ನನಗೆ ನೆನಪಿರುವುದು ನೀರು ಬತ್ತಿ ಕುಕ್ಕರಿನ ತಳಕ್ಕೆ ಅಂಟಿಕೊಂಡ ಕಡಲೆ. ಮೂರೂ ಬೇರೆ ಬೇರೆ ದಿನ ಆದದ್ದಿರಬಹುದು. ಮೊದಲ ಸಲ ಇದನ್ನು ಬರೆದಾಗ ಮೂರನ್ನೂ ಒಂದೇ ಬೆಳಿಗ್ಗೆಯೊಳಗೆ ಇಟ್ಟಿದ್ದೆ. ಓದಲು ಚೆನ್ನಾಗಿತ್ತು. ಆಮೇಲೆ ಅಳಿಸಿದೆ.

ಖಚಿತವಾಗಿ ಹೇಳಬಹುದಾದದ್ದು ಇಷ್ಟು. ಒಂದು ದಿನ ನಾನು ಕೆಳಗಿನಿಂದ ಕೊತ್ತಂಬರಿ ಸೊಪ್ಪು ತಂದು ಬಾಗಿಲು ತೆರೆದಾಗ ಮನೆ ತುಂಬ ಗ್ಯಾಸಿನ ವಾಸನೆ ಇತ್ತು. ಒಲೆಯ ಒಂದು ನಾಬ್ ಪೂರ್ತಿ ತಿರುಗಿತ್ತು, ಉರಿ ಇರಲಿಲ್ಲ. ಅಮ್ಮ ಒಲೆಯ ಮುಂದೆಯೇ ನಿಂತು ಲೈಟರ್ ಹುಡುಕುತ್ತಿದ್ದಳು. ನಾನು ನಾಬ್ ತಿರುಗಿಸಿ ಮುಚ್ಚಿದೆ, ಕಿಟಕಿಗಳನ್ನು ತೆರೆದೆ, ಫ್ಯಾನಿನ ಸ್ವಿಚ್ಚಿಗೆ ಕೈ ಹೋದದ್ದನ್ನು ಹಿಂದಕ್ಕೆ ಎಳೆದುಕೊಂಡೆ. ಅಮ್ಮ ಕೇಳಿದಳು, "ಯಾಕೆ ಎಲ್ಲ ತೆರೀತೀ? ಸೊಳ್ಳೆ ಬರ್ತದೆ." ಇಬ್ಬರೂ ಬಾಲ್ಕನಿಯಲ್ಲಿ ನಿಂತೆವು. ಎದುರು ಕಟ್ಟಡದಲ್ಲಿ ಯಾರೋ ಚಾದರ ಒಣಗಿಸುತ್ತಿದ್ದರು. ಭಯವಾಯಿತೇ ಎಂದು ಮಗಳು ಆಮೇಲೆ ಕೇಳಿದಳು. ಆಯಿತು ಅಂದೆ. ಹಾಗೆ ಹೇಳುವುದು ಸರಿ ಅನ್ನಿಸಿತು.

ಅಮ್ಮನಿಗೆ ಎಂಬತ್ತು ದಾಟಿ ಕೆಲವು ವರ್ಷ ಆಗಿದೆ. ಮದುವೆಯಾಗಿ ಕರಾವಳಿಯಿಂದ ಡೊಂಬಿವಲಿಗೆ ಬಂದವಳು ಇಲ್ಲಿಯೇ ಉಳಿದಳು. ಅಪ್ಪ ಉಲ್ಹಾಸನಗರದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಈ ಫ್ಲ್ಯಾಟ್ ಅವರದ್ದು, ಅವರು ಹೋಗಿ ಬಹಳ ಕಾಲವಾಯಿತು. ನನ್ನ ಗಂಡ ಮೈಸೂರಿನವರು. ಮೊದಲು ನಾವಿಬ್ಬರೂ ಕಲ್ಯಾಣದಲ್ಲಿ ಬಾಡಿಗೆಗೆ ಇದ್ದೆವು. ಮಗಳು ಹುಟ್ಟಿದಾಗ, ನಾನು ಕೆಲಸಕ್ಕೆ ಹೋಗಬೇಕು, ಮಗುವನ್ನು ನೋಡಿಕೊಳ್ಳುವವರು ಬೇಕು ಎಂದು ಈ ಮನೆಗೆ ಬಂದೆವು. ಆಮೇಲೆ ಹೋಗಲಿಲ್ಲ. ಹಾಗಾಗಿ ಅಡುಗೆಮನೆ ಯಾವತ್ತೂ ಅಮ್ಮನದೇ.

ನಾನು ಕೆಲಸ ಮಾಡುತ್ತಿದ್ದದ್ದು ಒಂದು ವಿಮಾ ಕಚೇರಿಯಲ್ಲಿ, ಮುಂಬೈಯ ಕೋಟೆ ಪ್ರದೇಶದಲ್ಲಿ. ಸಂಜೆಯ ಲೋಕಲ್ ರೈಲಿನ ಲೇಡೀಸ್ ಬೋಗಿಯಲ್ಲಿ ಸೀಟು ಸಿಕ್ಕ ಹೆಂಗಸರು ತರಕಾರಿ ಬಿಡಿಸುತ್ತಾರೆ. ಬಟಾಣಿ ಸುಲಿಯುತ್ತಾರೆ, ಮೆಂತ್ಯದ ಎಲೆ ಕೀಳುತ್ತಾರೆ, ಹೀರೇಕಾಯಿಯ ನಾರು ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕುತ್ತಾರೆ. ಮನೆಗೆ ಹೋದ ಕೂಡಲೇ ಒಲೆಗೆ ಇಡಬಹುದು. ನಾನೂ ಎಲ್ಲರಂತೆ ಬಿಡಿಸುತ್ತಿದ್ದೆ. ಮನೆಗೆ ಬಂದು ಕೊಟ್ಟರೆ ಅಮ್ಮ ಅದನ್ನು ಮೊರಕ್ಕೆ ಸುರಿದು ಇನ್ನೊಮ್ಮೆ ಬಿಡಿಸುತ್ತಿದ್ದಳು. "ರೈಲಿನಲ್ಲಿ ಕೂತು ಮಾಡಿದ್ದು ಕೆಲಸವಾ?" ಅನ್ನುತ್ತಿದ್ದಳು. ಅದರಲ್ಲಿ ಸಿಟ್ಟು ಇರಲಿಲ್ಲ. ನಾನು ಕೈಕಾಲು ತೊಳೆದು ಹೊರಗೆ ಕೂರುತ್ತಿದ್ದೆ. ಊಟ ತಟ್ಟೆಗೆ ಬರುತ್ತಿತ್ತು. ನನ್ನ ವಯಸ್ಸಿನ ಬೇರೆ ಹೆಂಗಸರಿಗೆ ಇಂಥ ಸುಖ ಇರಲಿಲ್ಲ ಎಂದು ನೆನೆಯುತ್ತೇನೆ. ಅದು ಸುಖ ಎಂದು ಆಗ ಅಂದುಕೊಂಡಿದ್ದೆನೋ, ಈಗ ಅದಕ್ಕೆ ಆ ಹೆಸರು ಇಡುತ್ತಿದ್ದೇನೋ, ಹೇಳಲಾರೆ.

ನಿವೃತ್ತಿಯಾಗಿ ಮನೆಯಲ್ಲಿ ಕೂತಾಗಲೇ ನೋಡಿದ್ದು: ಅಮ್ಮ ಒಂದೇ ಸಾಸಿವೆ ಡಬ್ಬಿಯನ್ನು ತೆಗೆದು, ಮುಚ್ಚಿ, ಮತ್ತೆ ತೆಗೆಯುತ್ತಾಳೆ. ಎಷ್ಟು ಕಾಲದಿಂದ ಹೀಗೆ ಎಂಬುದು ಯಾರಿಗೂ ಗೊತ್ತಿಲ್ಲ. ನಾನು ರೈಲಿನಲ್ಲಿದ್ದೆ.

ಗ್ಯಾಸಿನ ವಾಸನೆ ಬಂದ ಮೇಲೆ ಅವಳನ್ನು ಠಾಣೆಯ ಒಬ್ಬ ಡಾಕ್ಟರರಲ್ಲಿಗೆ ಕರೆದುಕೊಂಡು ಹೋದೆವು. ಅವರು ಮರಾಠಿಯಲ್ಲಿ ಕೇಳಿದರು, "ಆಜಿ, ಇವತ್ತು ಯಾವ ವಾರ?"

"ಅಷ್ಟು ಓದಿದ್ದೀರಿ, ನಿಮಗೆ ಗೊತ್ತಿಲ್ಲವಾ?" ಅಮ್ಮನೂ ಮರಾಠಿಯಲ್ಲೇ ಕೇಳಿದಳು.

"ನನಗೆ ಗೊತ್ತು. ನಿಮಗೆ ಗೊತ್ತಾ ಅಂತ ನೋಡಬೇಕಿತ್ತು."

"ಗೊತ್ತಿದ್ದವರು ಯಾಕೆ ಕೇಳ್ಬೇಕು?"

ಅವರು ನಕ್ಕು ಮೂರು ಪದ ಹೇಳಿದರು: ಮೇಜು, ಮಾವಿನಹಣ್ಣು, ಬಸ್ಸು. ಸ್ವಲ್ಪ ಹೊತ್ತು ಬಿಟ್ಟು ಕೇಳುತ್ತೇನೆ, ತಿರುಗಿ ಹೇಳಬೇಕು ಅಂದರು. ಕೇಳಿದಾಗ ಅಮ್ಮ, "ಅದೆಲ್ಲ ನಿಮ್ಮ ಹತ್ತಿರವೇ ಇರಲಿ" ಅಂದಳು. ಆಮೇಲೆ ಅವಳನ್ನು ಹೊರಗೆ ಕೂರಿಸಿ ಡಾಕ್ಟರು ನನಗೆ ಹೇಳಿದ್ದು ಬಹಳ ಚಿಕ್ಕದು. ಇದು ಕಡಿಮೆಯಾಗುವ ಕಾಯಿಲೆ ಅಲ್ಲ. ಗ್ಯಾಸಿನ ಹತ್ತಿರ ಒಬ್ಬರನ್ನೇ ಬಿಡಬೇಡಿ. ಆದರೆ ಬೈದು ಬಿಡಿಸಬೇಡಿ; ಬೈದದ್ದರ ಕಾರಣ ಮರೆತುಹೋಗುತ್ತದೆ, ಬೈಸಿಕೊಂಡದ್ದು ಮರೆಯುವುದಿಲ್ಲ.

ವಾಪಸು ಬರುವಾಗ ಸ್ಲೋ ಲೋಕಲಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು. "ಪಾಪ, ಆ ಡಾಕ್ಟರಿಗೆ ಎಂತದೂ ನೆನಪಿರುವುದಿಲ್ಲ," ಅಂದಳು. ಈ ಮಾತನ್ನು ಅವಳು ಮನೆಗೆ ಬಂದ ಮೇಲೆ, ಚಪ್ಪಲಿ ಬಿಡುವಾಗ ಹೇಳಿದ್ದು ಎಂದು ನನ್ನ ಗಂಡನ ವಾದ. ಇರಬಹುದು. ನಾನು ಅದನ್ನು ಕಿಟಕಿಯ ಪಕ್ಕವೇ ಬಿಡುತ್ತೇನೆ. ಇನ್ನೊಂದನ್ನೂ ಹೇಳಬೇಕು. ಅಮ್ಮ ಮನೆಯಲ್ಲಿ ಮಾತಾಡುವುದು ತುಳು. ಇಲ್ಲಿ ಅವಳ ಮಾತನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಹಾಗೆ ಬರೆದ ಕೂಡಲೇ ಅವಳು ಇರುವುದಕ್ಕಿಂತ ಸ್ವಲ್ಪ ಸೌಮ್ಯವಾಗುತ್ತಾಳೆ.

ಅವತ್ತು ಅಮ್ಮ ಮಲಗಿದ್ದಾಗ ಗಂಡ ಮತ್ತು ನಾನು ಹಾಲ್‌ನಲ್ಲಿ ದನಿ ತಗ್ಗಿಸಿ ಮಾತಾಡಿದೆವು. ಅಡುಗೆಮನೆಯನ್ನು ಅವಳಿಂದ ತೆಗೆದುಕೊಳ್ಳಬೇಕಿತ್ತು. ತೆಗೆದುಕೊಂಡದ್ದು ಅವಳಿಗೆ ತಿಳಿಯಬಾರದಿತ್ತು.

"ಒಲೆ ಮುಟ್ಟಬೇಡಿ ಅಂತ ಅತ್ತೆಗೆ ಹೇಳೋದು ಯಾರು?" ಅಂದರು ಗಂಡ. "ನೀನು ಹೇಳ್ತೀಯಾ?"

"ನೀವೇ ಹೇಳಿ. ಅಳಿಯ ಅಂತ ನಿಮಗೆ ಒಂದು ಮರ್ಯಾದೆ ಇದೆ."

"ಇರೋದನ್ನ ಉಳಿಸಿಕೊಳ್ಳೋಣ ಅಂತಾನೇ ಕಣೇ ಹೇಳ್ತಿಲ್ಲ." ಆಮೇಲೆ ಅವರೇ ದಾರಿ ಹೇಳಿದರು. "ಗ್ಯಾಸೇ ಬರ್ತಿಲ್ಲ ಅಂದ್ಬಿಡೋಣ. ರಸ್ತೆ ಅಗೆದಿದಾರೆ, ಪೈಪಿನ ಕೆಲಸ ನಡೀತಿದೆ ಅಂತ. ರಸ್ತೆ ಹೇಗೂ ಅಗೀತಾನೇ ಇರ್ತಾರೆ. ಅರ್ಧ ಸುಳ್ಳು ಅಷ್ಟೆ."

ನಮ್ಮದು ಪೈಪಿನ ಗ್ಯಾಸು. ಒಲೆಯ ಕಟ್ಟೆಯ ಕೆಳಗೆ, ಪಾತ್ರೆಗಳ ಹಿಂದೆ, ಗೋಡೆಗೆ ಒಂದು ವಾಲ್ವ್ ಇದೆ. ಅದನ್ನು ಅಡ್ಡ ತಿರುಗಿಸಿದರೆ ಮೇಲೆ ಎಷ್ಟು ನಾಬ್ ತಿರುಗಿಸಿದರೂ ಏನೂ ಬರುವುದಿಲ್ಲ. ಅಮ್ಮ ಈಗ ಬಗ್ಗಲಾರಳು. ನಾನು ಮೊಣಕಾಲೂರಿ ಕೂತು ತಿರುಗಿಸಿದೆ. ಬಹಳ ಸುಲಭವಾಗಿ ತಿರುಗಿತು.

ಬೆಳಿಗ್ಗೆ ಅಮ್ಮ ಲೈಟರನ್ನು ಚಟ್ ಚಟ್ ಅನ್ನಿಸಿದಳು. "ಉರಿ ಬರುವುದಿಲ್ಲವಲ್ಲ."

"ಗ್ಯಾಸ್ ಇಲ್ಲ ಅಮ್ಮ. ರಸ್ತೆಯಲ್ಲಿ ಪೈಪಿನ ಕೆಲಸ."

"ಯಾವಾಗ ಬರ್ತದಂತೆ?"

"ನಾಳೆ ಬರಬಹುದು."

"ಎಂತ ಅವಸ್ಥೆ ಮಾರಾಯ್ತಿ," ಅಂದಳು. ಅಷ್ಟೇ. ಹೋಗಿ ಕುರ್ಚಿಯಲ್ಲಿ ಕೂತಳು. ಮರುದಿನವೂ ಇದೇ ಮಾತು ಆಯಿತು, ಅದರ ಮರುದಿನವೂ. ಅವಳಿಗೆ ಪ್ರತಿ ಬೆಳಿಗ್ಗೆಯೂ ಅದು ಹೊಸ ಸುದ್ದಿ. ನಾನು ಮೊದಮೊದಲು ಮುಖ ನೋಡಿ ಹೇಳುತ್ತಿದ್ದೆ, ಆಮೇಲೆ ಪೇಪರಿನಿಂದ ಕಣ್ಣು ತೆಗೆಯದೆ ಹೇಳತೊಡಗಿದೆ. ಪ್ರತಿ ಸ್ಟೇಷನ್ನಿಗೂ ಹೆಸರು ಹೇಳುವ ಲೋಕಲಿನ ಧ್ವನಿಯ ಹಾಗೆ.

ಚಪಾತಿ, ಪಲ್ಯ ಕೆಳಗಿನ ಪೋಳಿ-ಭಾಜಿ ಕೇಂದ್ರದಿಂದ ಬರುತ್ತಿತ್ತು. ಡೊಂಬಿವಲಿಯಲ್ಲಿ ಇಂಥ ಅಂಗಡಿ ಗಲ್ಲಿಗೊಂದಿದೆ. ಕೆಲಸದಿಂದ ಬರುವ ಹೆಂಗಸರು ಸ್ಟೇಷನ್ನಿನಲ್ಲಿ ಇಳಿದು ಮನೆಗೆ ಹೋಗುವಾಗ ಎಣಿಸಿ ಕಟ್ಟಿಸಿಕೊಳ್ಳುತ್ತಾರೆ. ನಾನು ಕೆಲಸದಲ್ಲಿದ್ದಾಗ ಒಮ್ಮೆಯೂ ಅಲ್ಲಿ ನಿಂತವಳಲ್ಲ. ಅನ್ನ, ಸಾರು, ಚಹಾ ಮಾತ್ರ ಅಮ್ಮ ಸ್ನಾನಕ್ಕೆ ಹೋದಾಗ ನಾನು ವಾಲ್ವ್ ತೆರೆದು ಮಾಡಿಬಿಡುತ್ತಿದ್ದೆ. ಬಚ್ಚಲಿನ ನೀರಿನ ಸದ್ದು ನಿಲ್ಲುವುದರೊಳಗೆ ಒಗ್ಗರಣೆ ಮುಗಿಯಬೇಕು. ಸ್ವಂತ ಮನೆಯಲ್ಲಿ ಸಾಸಿವೆ ಸಿಡಿಯುವ ಸದ್ದು ಕೇಳದ ಹಾಗೆ ಮುಚ್ಚಳ ಒತ್ತಿ ಹಿಡಿಯುತ್ತಿದ್ದೆ.

ಅಮ್ಮ ತಲೆಗೆ ಬಟ್ಟೆ ಸುತ್ತಿಕೊಂಡು ಹೊರಗೆ ಬಂದು ಗಾಳಿ ಮೂಸುತ್ತಿದ್ದಳು. "ಒಗ್ಗರಣೆ ಯಾರ ಮನೆಯದ್ದು?"

"ಪಕ್ಕದ ಮನೆಯದ್ದು."

"ಅವರಿಗೆ ಗ್ಯಾಸ್ ಉಂಟು, ನಮಗೆ ಇಲ್ಲವಾ? ನಾವು ಎಂತ ಬಾಡಿಗೆಯವರಾ?"

ಗಂಡ ತಕ್ಷಣ, "ಅವರದ್ದು ಬೇರೆ ಲೈನು ಅತ್ತೆ" ಅಂದರು. ಅವರು ಇಷ್ಟು ಸರಾಗವಾಗಿ ಸುಳ್ಳು ಹೇಳಬಲ್ಲರು ಎಂಬುದು ಇಷ್ಟು ವರ್ಷ ನನಗೆ ಗೊತ್ತಿರಲಿಲ್ಲ.

ಪ್ರತಿ ಸಂಜೆ ಅಮ್ಮ ನಾಳೆ ಗ್ಯಾಸ್ ಬರುತ್ತದೆ ಎಂದು ಒಂದು ಪಾವು ಅಕ್ಕಿ ನೆನೆಹಾಕುತ್ತಿದ್ದಳು, ನೀರುದೋಸೆಗೆ. ಬೆಳಿಗ್ಗೆ ಮಿಕ್ಸಿಯಲ್ಲಿ ಅರೆಯುತ್ತಿದ್ದಳು, ಅದಕ್ಕೆ ಗ್ಯಾಸ್ ಬೇಡವಲ್ಲ. ಹಿಟ್ಟು ಫ್ರಿಜ್ಜಿಗೆ ಹೋಗುತ್ತಿತ್ತು. ಹಿಂದಿನ ದಿನದ ಹಿಟ್ಟನ್ನು ನಾನು ಸಿಂಕಿಗೆ ಸುರಿದು ನಲ್ಲಿ ಬಿಡುತ್ತಿದ್ದೆ. ಬೆಳ್ಳಗಿನ ನೀರು ಸುತ್ತಿಕೊಂಡು ಕೆಳಗೆ ಹೋಗುವುದನ್ನು ನೋಡುತ್ತಾ ನಿಂತಿರುತ್ತಿದ್ದೆ. ಇಲ್ಲಿ ನಾನು ಒಂದು ಭಾವನೆಯನ್ನು ಬರೆಯಬೇಕು. ಹುಡುಕಿದೆ. ನೆನಪಿಗೆ ಬಂದದ್ದು ಪೈಪು ಕಟ್ಟಿಕೊಂಡರೆ ಪ್ಲಂಬರನ್ನು ಕರೆಯಬೇಕಾಗುತ್ತದೆ ಎಂಬ ಯೋಚನೆ.

ಎದುರು ಮನೆಯಲ್ಲಿ ಒಬ್ಬ ಮರಾಠಿ ಹೆಂಗಸು ಇದ್ದಾರೆ. ನನಗಿಂತ ಸ್ವಲ್ಪ ದೊಡ್ಡವರು, ನಾನು ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತೇನೆ. ಅವರು ನನ್ನ ಅಮ್ಮನನ್ನು ತಾವೂ ಅಮ್ಮಾ ಎಂದೇ ಕರೆಯುತ್ತಾರೆ. ಅವರಿಬ್ಬರ ನಡುವೆ ನೀರುದೋಸೆಯ ವಿಷಯದಲ್ಲಿ ಒಂದು ಹಳೆಯ ಜಗಳ ಇದೆ. ಕೊಂಕಣದವರಾದ ಕಾಕು ಅದನ್ನು ಘಾವನ ಅನ್ನುತ್ತಾರೆ, ತಮ್ಮ ಕಡೆಯಿಂದಲೇ ಅದು ದಕ್ಷಿಣಕ್ಕೆ ಇಳಿದು ಹೋದದ್ದು ಅನ್ನುತ್ತಾರೆ. "ದಪ್ಪ ಮಾಡಿ ಹಾಳು ಮಾಡಿ ಹೆಸರು ಬೇರೆ ಇಟ್ಟರು" ಎಂದು ಅಮ್ಮ. ಜಗಳವಾದ ಮೇಲೆ ಇಬ್ಬರೂ ಸೇರಿ ತಿನ್ನುತ್ತಿದ್ದರು.

ಒಂದು ಬೆಳಿಗ್ಗೆ ನಾನು ಬಟ್ಟೆ ಒಣಗಿಸುತ್ತಿದ್ದಾಗ ಅಮ್ಮ ಬಾಗಿಲು ತೆರೆದು ಕಾಕುವಿಗೆ ಎಲ್ಲ ಹೇಳಿಬಿಟ್ಟಳು. ನಮ್ಮ ಮನೆಗೆ ಗ್ಯಾಸ್ ಇಲ್ಲ, ಎಷ್ಟು ದಿನವಾಯಿತೋ, ಮಗಳು ಅಂಗಡಿಯ ಚಪಾತಿ ತರುತ್ತಾಳೆ, ಅಳಿಯ ಮಾತಾಡುವುದಿಲ್ಲ. ಮಧ್ಯಾಹ್ನ ಕಾಕುವಿನ ಸ್ಟೀಲ್ ಡಬ್ಬಿ ಬಂತು, ಅದರಲ್ಲಿ ಬಿಸಿ ಆಮಟಿ, ಅಂದರೆ ಅವರ ಕಡೆಯ ಹುಳಿ. "ಅಕ್ಕಪಕ್ಕ ಇದ್ದೂ ಹೇಳಲಿಲ್ಲವಲ್ಲ ನೀನು," ಎಂದು ನನ್ನನ್ನು ಬೈದರು. ನಿಜ ಹೇಳಬಹುದಿತ್ತು. ಅಮ್ಮ ನನ್ನ ಹಿಂದೆಯೇ ನಿಂತಿದ್ದಳು. ಸಂಜೆ ಮೇಲಿನ ಮನೆಯಿಂದ ಬಟಾಟೆ ಪಲ್ಯ ಬಂತು. ಮರುದಿನ ಕೆಳಗಿನ ಮನೆಯಿಂದ ಸಾಬೂದಾಣೆ ಖಿಚಡಿ.

ತೊಂದರೆ ಶುರುವಾದದ್ದು ಡಬ್ಬಿಗಳಿಂದ. ಯಾರದ್ದೇ ಪಾತ್ರೆಯನ್ನು ಖಾಲಿ ಹಿಂದೆ ಕೊಡುವ ಪದ್ಧತಿ ಅಮ್ಮನಿಗೆ ಇಲ್ಲ, ಈ ಕಟ್ಟಡದಲ್ಲಿ ಯಾರಿಗೂ ಇಲ್ಲ. ಏನಾದರೂ ಮಾಡಿ ತುಂಬಿಸಿಯೇ ಕೊಡಬೇಕು. ಅವಳು ಡಬ್ಬಿಗಳನ್ನು ತೊಳೆದು, ಒರೆಸಿ, ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಗ್ಯಾಸ್ ಇಲ್ಲದ್ದು ಬೆಳಿಗ್ಗೆ ಬೆಳಿಗ್ಗೆ ಮರೆತುಹೋಗುತ್ತಿತ್ತು, ಡಬ್ಬಿಗಳು ಮರೆಯುತ್ತಿರಲಿಲ್ಲ, ಯಾಕೆಂದರೆ ಅವು ಕಣ್ಣ ಮುಂದೆಯೇ ಇದ್ದವು.

"ಸಕ್ಕರೆ ಹಾಕಿ ಕೊಡೋಣ," ಅಂದೆ.

"ಒಲೆ ಹಚ್ಚದೆ ಸಕ್ಕರೆ ಹಾಕ್ಲಿಕ್ಕೆ ಇಲ್ಲಿ ಯಾರಾದ್ರೂ ಸತ್ತು ಸೂತಕ ಉಂಟಾ? ಆಮಟಿ ಕೊಟ್ಟವರಿಗೆ ಸಕ್ಕರೆಯಾ?"

"ಅಂಗಡಿಯಿಂದ ಏನಾದರೂ ತರ್ತೇನೆ."

"ತಂದು ಕೊಡು. ಹೋಟೆಲಿನವರ ಮಗಳಲ್ಲವಾ ನೀನು."

ದಿನವೂ ಇದೇ. ಅವಳಿಗೆ ಹಸಿವಾಗುವುದು ನಿಂತಿತು. ಊಟಕ್ಕೆ ಕೂತರೆ ತಟ್ಟೆಯನ್ನು ಬಿಟ್ಟು ಕಟ್ಟೆಯನ್ನು ನೋಡುತ್ತಿದ್ದಳು. ಬೈಸಿಕೊಂಡದ್ದು ಮರೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು, ನಾವು ಬೈದಿರಲಿಲ್ಲ. ಆದರೂ ಅವಳು ಬೈಸಿಕೊಂಡವರ ಹಾಗೆ ಓಡಾಡುತ್ತಿದ್ದಳು. ನಾನು ಗಂಡನಿಗೆ ಹೇಳಿದೆ, ಇನ್ನೊಂದು ವಾರ ನೋಡೋಣ, ಅಭ್ಯಾಸವಾಗಬಹುದು. ಇನ್ಷುರೆನ್ಸ್ ಕಚೇರಿಯಲ್ಲಿ ಕೌಂಟರಿಗೆ ಬಂದವರಿಗೆ ಇದೇ ಸ್ವರದಲ್ಲಿ ಹೇಳುತ್ತಿದ್ದೆ, ಮುಂದಿನ ವಾರ ಬನ್ನಿ ಎಂದು.

ಇಷ್ಟರಲ್ಲಿ ಕಾಕು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಬರೆದುಬಿಟ್ಟಿದ್ದರು. ಮೂರನೇ ಮಹಡಿಯ ವಯಸ್ಸಾದ ಅಮ್ಮನ ಮನೆಗೆ ಗ್ಯಾಸ್ ಇಲ್ಲ, ಕಮಿಟಿಯವರು ಏನು ಮಾಡುತ್ತಿದ್ದಾರೆ ಎಂದು. ಒಂದು ಗಂಟೆಯೊಳಗೆ ಇನ್ನೂ ಕೆಲವರು ತಮ್ಮಲ್ಲೂ ಪ್ರೆಷರ್ ಕಡಿಮೆ ಎಂದು ಬರೆದರು. ಒಬ್ಬರು ತಮ್ಮ ಉರಿ ಹಳದಿ ಬರುತ್ತಿದೆ ಅಂದರು. ರಸ್ತೆ ಅಗೆದದ್ದನ್ನು ಕಣ್ಣಾರೆ ನೋಡಿದವರೂ ಇದ್ದರು. ಓದುತ್ತಾ ಓದುತ್ತಾ, ನಿಜಕ್ಕೂ ಏನೋ ತೊಂದರೆ ಇರಬಹುದೇನೋ ಎಂದು ನನಗೇ ಅನ್ನಿಸಿತು.

ಸೊಸೈಟಿಯ ಸೆಕ್ರೆಟರಿ ಉತ್ಸಾಹಿ ಮನುಷ್ಯ. ಮರುದಿನ ಬೆಳಿಗ್ಗೆ ಟಾರ್ಚ್ ಹಿಡಿದು ಬಂದರು, ಹಿಂದೆ ಕಾಕು. ಬಾಗಿಲು ತೆರೆದದ್ದು ಅಮ್ಮ. ಗಂಡ ಕೆಲಸಕ್ಕೆಂದು ವಾಶಿಗೆ ಹೊರಟುಹೋಗಿದ್ದರು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅಮ್ಮ ಅವರನ್ನು ಮರಾಠಿಯಲ್ಲಿ ತರಾಟೆಗೆ ತೆಗೆದುಕೊಂಡಿದ್ದಳು. ಮೇಂಟೆನೆನ್ಸ್ ಮಾತ್ರ ಸರಿಯಾಗಿ ತೆಗೆದುಕೊಳ್ಳುತ್ತೀರಿ, ಲಿಫ್ಟ್ ಇಲ್ಲ, ಈಗ ಗ್ಯಾಸೂ ಇಲ್ಲ, ಮುಂದಿನ ಸಲ ಎಲೆಕ್ಷನ್ನಿಗೆ ನಿಲ್ಲಿ ನೋಡುತ್ತೇನೆ. ಒಂದು ಪದವೂ ತಪ್ಪಲಿಲ್ಲ. ಆ ಹೊತ್ತಿನಲ್ಲಿ ನೋಡಿದವರು ಅವಳಿಗೆ ಏನಾದರೂ ಆಗಿದೆ ಎಂದು ನಂಬುತ್ತಿರಲಿಲ್ಲ. ನಾನೂ ನಂಬಲಿಲ್ಲ.

"ಅಹೋ ಆಜಿ, ಅದಕ್ಕೇ ಬಂದೆ," ಎಂದು ಅವರು ಒಳಗೆ ಬಂದರು. ನಾನು ಅಡ್ಡ ನಿಲ್ಲಬಹುದಿತ್ತು. ಸರಿಯಾಗಿದೆ, ನಿನ್ನೆ ರಾತ್ರಿ ಬಂತು ಎಂದು ಹೇಳಬಹುದಿತ್ತು. ಅವರು ಬಗ್ಗಿ, ಪಾತ್ರೆ ಸರಿಸಿ, ಟಾರ್ಚ್ ಬಿಟ್ಟರು. "ತಾಈ," ಎಂದರು ನನ್ನ ಕಡೆ ತಿರುಗಿ, "ವಾಲ್ವ್ ಬಂದ್ ಇದೆಯಲ್ಲ." ತಿರುಗಿಸಿದರು. ಎದ್ದು ಲೈಟರ್ ಒತ್ತಿದರು. ನೀಲಿ ಉರಿ ಎದ್ದಿತು.

ಮೂವರೂ ನನ್ನನ್ನು ನೋಡಿದರು.

ಅಮ್ಮನಿಗೆ ಗ್ಯಾಸ್ ಕೊಡಬಾರದೆಂದು ನಾನೇ ಮುಚ್ಚಿದೆ ಎಂಬುದು ಐದಾರು ಪದಗಳ ವಾಕ್ಯ. ಅದನ್ನು ಹೇಳಿದ್ದರೆ ಕಾಕುವಿನ ಮುಖ, ಆಮೇಲೆ ಅಮ್ಮನ ಮುಖ ಹೇಗಾಗುತ್ತಿತ್ತು ಎಂದು ಊಹಿಸಬಲ್ಲೆ. ಇಡೀ ಕಟ್ಟಡ ಅವಳನ್ನು ಬೇರೆ ದನಿಯಲ್ಲಿ ಮಾತಾಡಿಸಲು ತೊಡಗುತ್ತಿತ್ತು.

"ಮರೆತಿದ್ದೆ," ಅಂದೆ. "ನಾನೇ ಯಾವಾಗಲೋ ಮುಚ್ಚಿದ್ದೆ ಅಂತ ಕಾಣ್ತದೆ. ಮರೆತುಹೋಯಿತು."

ಸೆಕ್ರೆಟರಿ ಟಾರ್ಚ್ ಆರಿಸಿದರು. ಕಾಕು ನನ್ನ ತೋಳು ಹಿಡಿದುಕೊಂಡರು. "ಆಗ್ತದೆ, ಆಗ್ತದೆ. ವಯಸ್ಸಾಯಿತಲ್ಲ," ಎಂದು ಮೆಲ್ಲಗೆ ಹೇಳಿದರು.

ಅಮ್ಮ ಅವರಿಗೆ ವಿವರಿಸಿದಳು. "ರಿಟೈರ್ ಆದಾಗಿನಿಂದ ಇವಳದ್ದು ಹೀಗೇ. ಹೇಳಿದ್ದು ನೆನಪಿರುವುದಿಲ್ಲ, ಇಟ್ಟದ್ದು ಸಿಗುವುದಿಲ್ಲ. ಅಳಿಯ ಒಳ್ಳೆಯವರು, ಸಹಿಸಿಕೊಂಡಿದ್ದಾರೆ."

ಸುದ್ದಿ ಮೆಟ್ಟಿಲಿಳಿದು ಹೋಯಿತು. ಆಮೇಲೆ ಕೆಳಗಿನ ಅಂಗಡಿಯವನು ಚಿಲ್ಲರೆಯನ್ನು ನನ್ನ ಅಂಗೈಯಲ್ಲಿ ಎರಡು ಸಲ ಎಣಿಸಿ ಕೊಡತೊಡಗಿದ. ಕಾಕು ನೆನೆಸಿದ ಬಾದಾಮಿ ತಿನ್ನು ಅಂದರು. ಮೆಟ್ಟಿಲಿನಲ್ಲಿ ಸಿಕ್ಕವರು ಸ್ವಲ್ಪ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಾರೆ. ನಾನು ತಿದ್ದಲಿಲ್ಲ. ಒಮ್ಮೊಮ್ಮೆ ಒಬ್ಬಳೇ ಇದ್ದಾಗ ಲೋಕಲಿನ ಸ್ಟೇಷನ್ನುಗಳನ್ನು ಸಾಲಾಗಿ ಹೇಳಿ ಪರೀಕ್ಷೆ ಮಾಡಿಕೊಳ್ಳುತ್ತೇನೆ: ಠಾಣೆ, ಕಳ್ವಾ, ಮುಂಬ್ರಾ, ದಿವಾ, ಕೋಪರ್, ಡೊಂಬಿವಲಿ. ಸರಿಯಾಗಿ ಬರುತ್ತದೆ. ಅದು ಸರಿಯಾಗಿ ಬಂದದ್ದರಿಂದ ಏನು ತಿಳಿಯುತ್ತದೆ ಎಂಬುದು ಗೊತ್ತಿಲ್ಲ. ಅಮ್ಮನಿಗೂ ಮರಾಠಿಯ ಬೈಗುಳ ಸರಿಯಾಗಿಯೇ ಬಂದಿತ್ತು.

ಈಗ ಆ ಬೆಳಿಗ್ಗೆಗೆ ವಾಪಸು ಹೋಗಬೇಕು. ಅವರಿಬ್ಬರೂ ಹೋದ ಮೇಲೆ ಅಮ್ಮ ಫ್ರಿಜ್ಜಿನಿಂದ ಹಿಟ್ಟು ತೆಗೆದಳು. ಡಬ್ಬಿಗಳ ಮುಚ್ಚಳ ತೆಗೆದು ಪಕ್ಕದಲ್ಲಿ ಬಟ್ಟೆ ಹಾಸಿ ಇಟ್ಟಳು. ಕಾವಲಿ ಇಟ್ಟು, ಊರಿನ ಬಾಳೆದಿಂಡಿನ ಬದಲಿಗೆ ಇಲ್ಲಿ ಬಳಸುವ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜಿದಳು. ನಾನು ಪಕ್ಕದಲ್ಲಿ ನಿಂತೆ. ಒಬ್ಬರನ್ನೇ ಬಿಡಬೇಡಿ ಎಂದು ತಾನೇ ಡಾಕ್ಟರು ಹೇಳಿದ್ದು, ನಾನಿದ್ದೇನಲ್ಲ. ಹೀಗೇ ದಿನವೂ ಪಕ್ಕದಲ್ಲಿ ನಿಂತರಾಯಿತು ಎಂದು ಅನ್ನಿಸಿತು. ಸುಳ್ಳು ಬೇಡವಾಗುತ್ತದೆ, ಮನೆ ಮೊದಲಿನಂತೆ ಆಗುತ್ತದೆ.

ಮೊದಲಿನ ದೋಸೆಗಳು ಚೆನ್ನಾಗಿ ಬಂದವು. ತೆಳ್ಳಗೆ, ತೂತು ತೂತಾಗಿ, ನಾಲ್ಕು ಮಡಿಕೆಯಾಗಿ ಡಬ್ಬಿಗೆ ಹೋದವು. "ನೋಡಿದೆಯಾ," ಅಂದಳು ಅಮ್ಮ, ಯಾರಿಗೆ ಎಂದಿಲ್ಲದೆ. ಕಾಕುವಿನ ಡಬ್ಬಿ ತುಂಬಿತು. ಎರಡನೆಯ ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಇನ್ನೊಂದು ದೋಸೆ ಹುಯ್ದಳು, ಕಾವಲಿಗೆ ಮುಚ್ಚಳ ಮುಚ್ಚಿದಳು, ಕೈ ಸೊಂಟಕ್ಕೆ ಇಟ್ಟು ನಿಂತಳು.

ನಿಂತೇ ಇದ್ದಳು. ಅಂಚು ಸೀಯುವ ವಾಸನೆ ಬಂತು. ಅವಳು ಮುಚ್ಚಳವನ್ನೇ ನೋಡುತ್ತಿದ್ದಳು. ಅದರ ಕೆಳಗೆ ಏನಿದೆ ಎಂಬುದು ತನಗೆ ಸಂಬಂಧಿಸಿದ ವಿಷಯವಲ್ಲ ಎನ್ನುವ ಹಾಗೆ, ಬಸ್ ಸ್ಟಾಪಿನಲ್ಲಿ ನಿಂತವರು ಬೇರೆ ನಂಬರಿನ ಬಸ್ಸನ್ನು ನೋಡುವ ಹಾಗೆ. ಹೊಗೆ ಬಂತು. "ಅಮ್ಮ, ದೋಸೆ," ಅಂದೆ. ಅವಳು ನನ್ನ ಕಡೆ ನೋಡಿದಳು, ಮುಂದಿನ ಮಾತಿಗೆ ಕಾಯುತ್ತಿರುವಂತೆ. ನಾನು ಮುಚ್ಚಳ ತೆಗೆದು ಉರಿ ಸಣ್ಣ ಮಾಡಿದೆ. ಆಮೇಲೆ ಅವಳ ಮೊಣಕೈ ಹಿಡಿದು ಒಂದು ಬದಿಗೆ ಸರಿಸಿದೆ.

ಅವಳು ಸರಿದಳು.

ತಡೆಯುತ್ತಾಳೆ, ಕೈ ಕೊಡವುತ್ತಾಳೆ, ಎಂತ ಮಾಡ್ತೀ ಅನ್ನುತ್ತಾಳೆ ಎಂದುಕೊಂಡು ನಾನು ಸ್ವಲ್ಪ ಗಟ್ಟಿಯಾಗಿಯೇ ಹಿಡಿದಿದ್ದೆ. ಅಷ್ಟು ಬಲ ಬೇಕಾಗಲೇ ಇಲ್ಲ. ಲೋಕಲಿನಲ್ಲಿ ಇಳಿಯುವವರಿಗೆ ದಾರಿ ಬಿಡುವಂತೆ ಅರ್ಧ ಹೆಜ್ಜೆ ಹಿಂದೆ ಹೋದಳು, ಆಮೇಲೆ ಇನ್ನರ್ಧ, ಆಮೇಲೆ ಹಾಲ್‌ಗೆ ಹೋಗಿ ಕೂತಳು.

ಉಳಿದ ದೋಸೆಗಳನ್ನು ನಾನು ಮಾಡಿದೆ. ದಪ್ಪವಾದವು, ಅಂಚು ಹರಿದವು, ಕೆಲವನ್ನು ಮಡಚಿ ಒಳಗೆ ಬಚ್ಚಿಟ್ಟೆ. ಡಬ್ಬಿಗಳನ್ನೆಲ್ಲ ತುಂಬಿಸಿ ಮನೆ ಮನೆಗೆ ಕೊಟ್ಟು ಬಂದೆ. ಸಂಜೆ ಕಾಕು ಬಂದು ಅಮ್ಮನ ಪಕ್ಕ ಕೂತರು. "ಅಮ್ಮಾ, ಇವತ್ತಿನ ಘಾವನ ಮಾತ್ರ ನಮ್ಮ ಕಡೆಯದ್ದರ ಹಾಗೇ ಇತ್ತು," ಅಂದರು. ಅವರಿಗೆ ಸಿಕ್ಕಿದ್ದು ಅಮ್ಮ ಮಾಡಿದ್ದು. ಹಾಗಾಗಿ ಅದು ಜಗಳಕ್ಕೆ ಆಹ್ವಾನ. ಅಮ್ಮ ನಕ್ಕು ಸುಮ್ಮನಾದಳು. ಕಾಕು ಸ್ವಲ್ಪ ಹೊತ್ತು ಕಾದು ನನ್ನ ಕಡೆ ನೋಡಿದರು. ಅವರಿಗೆ ಆಗ ಏನಾದರೂ ತಿಳಿಯಿತೇ ಎಂಬುದನ್ನು ನಾನು ಕೇಳಿಲ್ಲ.

ಗಂಡ ವಾಶಿಯಿಂದ ಬಂದ ಮೇಲೆ ಎಲ್ಲ ಹೇಳಿದೆ. "ನಾಳೆ ಮತ್ತೆ ಏನು ಅಂತ ಹೇಳೋದು?" ಎಂದು ಕೇಳಿದರು. ಕಡೆಗೆ ಏನೂ ಹೇಳಬೇಕಾಗಿ ಬರಲಿಲ್ಲ. ಸಂಜೆ ಅವಳು ಅಕ್ಕಿ ನೆನೆಹಾಕಲಿಲ್ಲ.

ಮರುದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ನಿಂತು ಕಾದೆ. ಅವಳು ಎದ್ದಳು, ಮುಖ ತೊಳೆದಳು, ದೇವರಿಗೆ ಕೈ ಮುಗಿದಳು, ಹಾಲ್‌ನ ಕುರ್ಚಿಯಲ್ಲಿ ಕೂತಳು. ಚಹಾ ಕೊಟ್ಟೆ. ಅದು ಬಿಸಿಯಾಗಿ ಹೇಗೆ ಬಂತೆಂದು ಕೇಳಲಿಲ್ಲ. ಹೊರಗೆ ಶಾಲೆಯ ರಿಕ್ಷಾ ಹಾರ್ನ್ ಹೊಡೆಯಿತು. ಅಮ್ಮ ಮಾಡಿದ ಕೊನೆಯ ಅಡುಗೆ ಆ ದೋಸೆಗಳು ಎಂದು ಬರೆಯುವುದು ಸುಲಭ. ಆಮೇಲೆ ಒಂದೆರಡು ಸಲ ಅವಳು ಒಳಗೆ ಬಂದು ಏನನ್ನೋ ಕದಡಿದ್ದೂ ಇರಬಹುದು. ನನಗೆ ನೆನಪಿಲ್ಲ.

ಕಪ್ ತೆಗೆದುಕೊಂಡು ಹೋಗಲು ಬಂದಾಗ, ಮಧ್ಯಾಹ್ನಕ್ಕೆ ಏನು ಮಾಡಲಿ ಎಂದು ಕೇಳಿದೆ. ಈ ಪ್ರಶ್ನೆಯನ್ನು ಈ ಮನೆಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಅಮ್ಮ ಸೆರಗನ್ನು ಮಡಿಲಿನಲ್ಲಿ ಸರಿಮಾಡಿಕೊಂಡಳು. ಯಾರದೋ ಮನೆಗೆ ಹೋದಾಗ, ಮದುವೆಯ ಕರೆಯೋಲೆ ಕೊಡಲೋ ಬಾಣಂತಿಯನ್ನು ನೋಡಲೋ ಹೋದಾಗ, ಅಲ್ಲಿಯ ಹೆಂಗಸರು ಊಟಕ್ಕೆ ನಿಲ್ಲಿ ಅಂದರೆ ಅವಳು ಹೇಳುತ್ತಿದ್ದ ಒಂದು ಮಾತಿತ್ತು. ಅದೇ ಮಾತನ್ನು, ಅದೇ ನಗು ಇಟ್ಟುಕೊಂಡು, ನನಗೆ ಹೇಳಿದಳು.

"ನನಗೆ ಎಂತದಾದರೂ ಆಗ್ತದೆ. ನೀನು ಸುಮ್ಮನೆ ಕಷ್ಟ ಮಾಡ್ಲಿಕ್ಕೆ ಹೋಗ್ಬೇಡ."

ನಾನು ಅನ್ನಕ್ಕೆ ಇಟ್ಟೆ.